ಏಜೆಂಟರು ಹೇಳದೆ ಬಿಟ್ಟ ಎರಡನೇ ಭಾನುವಾರದ ಅರ್ಥ

೧೯೬೯ ನವೆಂಬರ್ ೮, ಶನಿವಾರ. ಸಂಜೆ ಐದು ಗಂಟೆ ಇಪ್ಪತ್ತು ನಿಮಿಷಕ್ಕೆ ಇದನ್ನು ಬರೆಯಲು ಕೂತೆ. ಸ್ಥಳ: ತೀರ್ಥಹಳ್ಳಿ, ನಾನು ಕೆಲಸ ಮಾಡುವ ಪ್ರೆಸ್ಸಿನ ಹಿಂದಿನ ಬಾಡಿಗೆ ಕೋಣೆ.

ಇವತ್ತು ಮಧ್ಯಾಹ್ನ ಪ್ರೆಸ್ಸಿನ ಬೈಂಡಿಂಗ್ ವಿಭಾಗದಲ್ಲಿ ಮೈದಾ ಅಂಟು ಕುದಿಸುತ್ತಿದ್ದರು. ಹುಳ ಹಿಡಿಯದಿರಲೆಂದು ಅದಕ್ಕೆ ಚಿಟಿಕೆ ಮೈಲುತುತ್ತ ಹಾಕುವ ರೂಢಿ. ಪ್ರೂಫ್ ಹಿಡಿದು ಆ ಬಾಗಿಲು ದಾಟುವಾಗ ಬೆಂದ ಹಿಟ್ಟಿನ ಜೊತೆ ತಾಮ್ರದಂಥ ಒಗರು ವಾಸನೆ ಮೂಗಿಗೆ ಬಂತು. ಅಲ್ಲೇ ನಿಂತುಬಿಟ್ಟೆ. ಎರಡು ವರ್ಷ ಐದು ತಿಂಗಳ ಹಿಂದೆ ಹೊಸನಗರದ ಬಸ್ ಸ್ಟ್ಯಾಂಡಿನಲ್ಲಿ ಏಜೆಂಟರ ಮೇಜಿನ ಕೆಳಗೆ, ಒಂದು ತಗಡಿನ ಡಬ್ಬಿಯಲ್ಲಿ ಇರುತ್ತಿದ್ದುದು ಇದೇ ವಾಸನೆ...

ಅವರು ಸಾಗರ, ತೀರ್ಥಹಳ್ಳಿ ಕಡೆಗೆ ಹೋಗುವ ಖಾಸಗಿ ಬಸ್ಸುಗಳ ಏಜೆಂಟರಾಗಿದ್ದರು. ಟಿಕೆಟ್ ಬರೆಯುವುದು, ಸೀಟು ಹಿಡಿಸುವುದು, ಬಸ್ಸು ಹೊರಡುವಾಗ ಊರ ಹೆಸರು ಕೂಗುವುದು ಅವರ ಕೆಲಸ. ಶಿವಮೊಗ್ಗದಿಂದ ಬಸ್ಸಿನ ಟಾಪಿನ ಮೇಲೆ ಬರುವ ಪತ್ರಿಕೆಗಳ ಕಟ್ಟು ಮೊದಲು ಸೇರುತ್ತಿದ್ದುದು ಅವರ ಕೈಗೆ. ಅದರಲ್ಲಿ ತಮ್ಮದಾದ ಒಂದು ಪ್ರತಿಯನ್ನು ಅವರು ಓದಿ ಮುಗಿಸಿ, ಆ ಡಬ್ಬಿಯ ಅಂಟು ಸವರಿ, ಬಸ್ ಸ್ಟ್ಯಾಂಡಿನ ಹಲಗೆಗೆ ಹಚ್ಚುತ್ತಿದ್ದರು. ಬಸ್ಸಿಗೆ ಕಾಯುವವರು ಅದನ್ನು ಓದುತ್ತಿದ್ದರು.

ಅವರಿಗೆ ಇನ್ನೊಂದು ಹೆಸರಿತ್ತು. ತಾಳಮದ್ದಳೆಯಲ್ಲಿ ಅವರು ಅರ್ಥಧಾರಿ. ಭಾಗವತರು ಪದ್ಯ ಹಾಡಿದ ಮೇಲೆ, ವೇಷವಿಲ್ಲದೆ, ಕೂತಲ್ಲೇ ಪಾತ್ರವಾಗಿ ಮಾತಾಡಿ ಎದುರಿನವನ ಮಾತು ಕತ್ತರಿಸುವ ಕಲೆ ಅದು. ಏಜೆಂಟರು ಸಾಮಾನ್ಯವಾಗಿ ಸೋಲುವ ಪಾತ್ರಗಳನ್ನೇ ಕೇಳಿ ಪಡೆಯುತ್ತಿದ್ದರು. ಕಥೆಯಲ್ಲಿ ಸೋತರೂ ಮಾತಿನಲ್ಲಿ ಅವರು ಸೋತದ್ದನ್ನು ನಾನು ಕಂಡಿಲ್ಲ. ಹೊಸನಗರದ ನಮ್ಮ ವಾಚನಾಲಯದಲ್ಲಿ ಮಳೆಗಾಲದ ಭಾನುವಾರಗಳಲ್ಲಿ ಮಧ್ಯಾಹ್ನ ಎರಡೂವರೆಗೆ ಕೂಟ ನಡೆಯುತ್ತಿತ್ತು. ಅಲ್ಲಿ ಒಂದು ನಿಯಮ: ಈ ವಾರ ಯಾವ ಪಾತ್ರ ಮಾಡಿದಿರೋ ಮುಂದಿನ ವಾರ ಅದೇ ಕಥೆಯಲ್ಲಿ ಅದರ ಎದುರು ಪಾತ್ರ ಮಾಡಬೇಕು. ವಾಚನಾಲಯದ ನಡಾವಳಿ ಪುಸ್ತಕ ನನ್ನ ವಶದಲ್ಲಿತ್ತು. ಯಾರ ಮಾತಿಗೆ ಎದುರಿನವರಿಂದ ಉತ್ತರ ಕೊಡಲಾಗಲಿಲ್ಲವೋ ಅವರಿಗೆ ಒಂದು ಗೀಟು. ಕೊನೆಗೆ ಎದ್ದು ನಿಂತು ಲೆಕ್ಕ ಓದುವುದು. ಇದನ್ನು ಶುರು ಮಾಡಿದವನು ನಾನೇ. ಆಗ ನನಗೆ ಹತ್ತೊಂಬತ್ತು ವರ್ಷ, ಗೀಟು ಹಾಕಿದರೆ ಎಲ್ಲವೂ ತಿಳಿಯುತ್ತದೆಂದು ನಂಬಿದ್ದೆ.

ಏಜೆಂಟರ ಮೇಜಿನ ಪಕ್ಕದ ಜಗಲಿಯಲ್ಲಿ ಕೊಡೆ ರಿಪೇರಿ ಸಾಹೇಬರು ಕೂರುತ್ತಿದ್ದರು. ಇಬ್ಬರೂ ಒಂದೇ ಊರಿನವರು. ಆ ಊರು ಈಗ ಇಲ್ಲ. ಶರಾವತಿಗೆ ಅಣೆಕಟ್ಟು ಕಟ್ಟಿದಾಗ ಮುಳುಗಡೆಯಾಯಿತು. ಇಬ್ಬರೂ ಒಂದೇ ಲಾರಿಯಲ್ಲಿ ಸಾಮಾನು ಹೇರಿಕೊಂಡು ಹೊಸನಗರಕ್ಕೆ ಬಂದವರಂತೆ. ಸಾಹೇಬರ ತಲೆಯ ಮೇಲೆ ಗೋಡೆಯ ಮೊಳೆಗೆ ಒಂದು ಕಬ್ಬಿಣದ ಗಡಗಡೆ ತೂಗುತ್ತಿತ್ತು, ಬಾವಿಯಿಂದ ನೀರು ಸೇದುವ ಗಾಲಿ. ರಿಪೇರಿಯಾದ ಕೊಡೆಗಳನ್ನು ಅವರು ಅದಕ್ಕೇ ಸಿಕ್ಕಿಸುತ್ತಿದ್ದರು. ಬಾವಿಯಿಲ್ಲದ ಅಂಗಡಿಯಲ್ಲಿ ಗಡಗಡೆ ಯಾಕೆ ಎಂದು ನಾನು ಯಾವತ್ತೂ ಕೇಳಲಿಲ್ಲ. ತಾಳಮದ್ದಳೆಗೆ ಅವರು ತಪ್ಪದೆ ಬರುತ್ತಿದ್ದರು, ಎಡಗಡೆಯ ಎರಡನೇ ಕಂಬಕ್ಕೆ ಒರಗಿ ಕೂರುತ್ತಿದ್ದರು.

೧೯೬೭ ಜೂನ್ ೫, ಸೋಮವಾರ, ಇಸ್ರೇಲಿಗೂ ಅರಬ್ ದೇಶಗಳಿಗೂ ಯುದ್ಧ ಶುರುವಾಯಿತು. ನಮ್ಮ ಹಲಗೆಗೆ ಸುದ್ದಿ ಬಂದದ್ದು ಮರುದಿನ. ಆ ವಾರ ಹಲಗೆಯ ಮುಂದೆ ನಿಂತವರು ಎರಡು ಬಸ್ಸು ತಪ್ಪಿಸಿಕೊಂಡದ್ದು ನನ್ನ ಡೈರಿಯಲ್ಲಿದೆ. ಗಾಜಾದಲ್ಲಿ ಶಾಂತಿಪಡೆಯಲ್ಲಿದ್ದ ನಮ್ಮ ಸೈನಿಕರೂ ಸತ್ತರೆಂದು ಓದಿ ಕೆಲವರು ಇಸ್ರೇಲಿನವರನ್ನು ಬೈದರು. ಚಿಕ್ಕ ದೇಶ ಎಷ್ಟು ಧೈರ್ಯ ತೋರಿತು ನೋಡಿ ಎಂದು ಕೆಲವರು ಹೊಗಳಿದರು. ಮಂಗಳವಾರ ಒಂದು ಮಾತಾಡಿದವರು ಶುಕ್ರವಾರ ಇನ್ನೊಂದು ಮಾತಾಡಿದರು. ನಾನು ಪತ್ರಿಕೆಯಲ್ಲಿ ಬಂದ ಎರಡೂ ಕಡೆಯ ನಾಯಕರ ಭಾಷಣಗಳನ್ನು ಇಟ್ಟುಕೊಂಡು, ಯಾವ ಪದ ಎಷ್ಟು ಸಲ ಬಂದಿದೆ ಎಂದು ಎಣಿಸಿದೆ. ‘ನ್ಯಾಯ’ ಎಂಬುದು ಆ ಕಡೆ ಒಂಬತ್ತು ಸಲ, ಈ ಕಡೆಯೂ ಒಂಬತ್ತು. ತಪ್ಪಾಗಿ ಎಣಿಸಿದೆನೇನೋ ಎಂದು ಮತ್ತೆ ಎಣಿಸಿದೆ. ಅಷ್ಟೇ ಇತ್ತು.

ಈ ಭಾನುವಾರ ಪುರಾಣ ಬೇಡ, ಇದನ್ನೇ ವಾದಕ್ಕೆ ಇಡೋಣ ಎಂದು ವಾಚನಾಲಯದ ಅಧ್ಯಕ್ಷರು ತೀರ್ಮಾನಿಸಿದರು. ಇಸ್ರೇಲಿನ ಕಡೆ ಏಜೆಂಟರು, ಅರಬರ ಕಡೆ ಹೈಸ್ಕೂಲಿನ ಚರಿತ್ರೆ ಮೇಷ್ಟ್ರು, ಮುಂದಿನ ವಾರ ಅದಲು ಬದಲು. ಆದರೆ ಭಾಗವತರು ಮುನಿಸಿಕೊಂಡರು.

“ಪದ್ಯ ಇಲ್ದೆ ನಾನೆಂತ ಹಾಡ್ಲಿ? ಬಾಯಿ ಮುಚ್ಕಂಡು ತಾಳ ಕುಟ್ಟು ಅಂತೀರಾ?”

“ಪೇಪರ್ ಹಾಡಿ ಭಾಗವತ್ರೆ,” ಎಂದರು ಏಜೆಂಟರು. “ನಾಯಕರ ಭಾಷಣ ಎಲ್ಲಾ ಪದ್ಯದಂಗೇ ಇರ್ತಾವೆ. ಕೇಳೋಕೆ ಚಂದ. ಅರ್ಥ ನಾವು ಹಾಕ್ಬೇಕು, ಅಷ್ಟೆ.”

ಹಾಗೆಯೇ ಆಯಿತು. ಜೂನ್ ೧೧ರ ಮಧ್ಯಾಹ್ನ ಎಂಬತ್ತನಾಲ್ಕು ಜನ ಸೇರಿದ್ದರು. ಭಾಗವತರು ಕನ್ನಡಕ ಏರಿಸಿ ಪತ್ರಿಕೆಯ ವರದಿಯನ್ನು ಮೋಹನ ರಾಗದಲ್ಲಿ ಹಾಡಿದರು. ‘ವಿಶ್ವಸಂಸ್ಥೆ’ ಎಂಬಲ್ಲಿ ಉಸಿರು ಸಾಲದೆ ಮದ್ದಳೆಯವನು ಒಂದು ಆವರ್ತ ಹೆಚ್ಚು ಬಾರಿಸಿ ಕಾಪಾಡಿದ. ಜನ ನಕ್ಕರು. ಆಮೇಲೆ ಏಜೆಂಟರು ಶಾಲು ಸರಿಮಾಡಿಕೊಂಡು ಮಾತಿಗೆ ಕೂತರು. ಯಾರೂ ನಗಲಿಲ್ಲ.

ಊರೂರು ಅಲೆದ ಜನ, ಎಲ್ಲಿ ಹೋದರೂ ಹೊರಗಿನವರೆನಿಸಿಕೊಂಡ ಜನ, ಕೊಂದು ಸುಟ್ಟರೂ ಉಳಿದುಕೊಂಡ ಜನ, ಒಂದು ತುಂಡು ನೆಲ ಕೇಳಿದರೆ ತಪ್ಪೇ ಎಂದು ಶುರು ಮಾಡಿದರು. ಮೇಷ್ಟ್ರು ಇಸವಿಗಳನ್ನು ಕೊಟ್ಟರು, ಒಪ್ಪಂದಗಳನ್ನು ಹೇಳಿದರು. ತರಗತಿಯಲ್ಲಿ ಪಾಠ ಮಾಡಿದ ಹಾಗೆಯೇ ಇತ್ತು. ಒಂದು ಹಂತದಲ್ಲಿ ಮಾತ್ರ ಒಳ್ಳೆಯ ಪ್ರಶ್ನೆ ಹಾಕಿದರು.

“ಅಲ್ಲಿ ಇದ್ದೋರು ಮನೆ ಬಿಟ್ಟು ಹತ್ತೊಂಬತ್ತು ವರ್ಷ ಆಯ್ತು. ಗುಡಾರದಲ್ಲಿದಾರೆ. ಪ್ಯಾಲೆಸ್ಟೈನಿನ ಆ ಜನ ಎಲ್ಲಿಗೆ ಹೋಗ್ಬೇಕು? ಅದಕ್ಕೆ ಉತ್ತರ ಹೇಳಿ.”

ಏಜೆಂಟರು ಶಾಲು ತೆಗೆದು ಪಕ್ಕಕ್ಕಿಟ್ಟರು. ಆಮೇಲೆ ದನಿ ತಗ್ಗಿಸಿ, “ಮನೆ ಬಿಟ್ಟೋನ ಸಂಕಟ ನನಗೆ ಕಲಿಸ್ತೀರಾ ಮೇಷ್ಟ್ರೆ?” ಎಂದರು. ಅಲ್ಲಿಂದ ಅವರು ಮುಳುಗಿದ ತಮ್ಮ ಊರಿಗೆ ಹೋದರು. ಬಾವಿಯೊಂದನ್ನು ಹೇಳಿದರು. ಬೆಳಗಿನ ಜಾವ ಅವರಮ್ಮ ನೀರು ಸೇದುವ ಸದ್ದು, ಕಟ್ಟೆಯ ಮೇಲೆ ಹಗ್ಗ ಸವೆಸಿದ ಗೆರೆ, ಕೊನೆಯ ದಿನ ಬಾಗಿ ನೋಡಿದಾಗ ಕಂಡ ತಮ್ಮದೇ ಮುಖ... “ಈಗ ಅದರ ಮೇಲೆ ಲಾಂಚು ಓಡ್ತದೆ. ಆದ್ರೂ ಅದು ನನ್ನ ಬಾವಿ. ನೂರು ವರ್ಷ ಆಗ್ಲಿ, ಎರಡು ಸಾವಿರ ವರ್ಷ ಆಗ್ಲಿ, ನನ್ನ ಮೊಮ್ಮಕ್ಕಳ ಮೊಮ್ಮಕ್ಕಳು ಬಂದು, ನೀರೇ ಆಚೆ ಸರಿ, ಇದು ನಮ್ಮದು ಅಂದ್ರೆ ಯಾವ ಬಾಯಲ್ಲಿ ಅಲ್ಲ ಅಂತೀರಿ? ಆ ಜನ ಕೇಳಿದ್ದು ಇಷ್ಟೇ.”

ಮೇಷ್ಟ್ರು ತಮ್ಮ ಟಿಪ್ಪಣಿ ಮಡಚಿ ಜೇಬಿಗಿಟ್ಟರು. ಮುಂದಿನ ಸಾಲಿನಲ್ಲಿ ಮುಳುಗಡೆಯಿಂದ ಬಂದ ನಾಲ್ಕೈದು ಮನೆಯವರು ಕಣ್ಣು ಒರೆಸಿಕೊಂಡರು. ನಾನು ಒಂದರ ಬದಲು ಮೂರು ಗೀಟು ಹಾಕಿದೆ. ಹಾಗೆ ಹಾಕಿದ್ದು ಅದೇ ಮೊದಲು.

ಕೊನೆಗೆ ಎದ್ದು ಓದಿದೆ: “ಏಜೆಂಟ್ರು ಹದಿನೇಳು, ಮೇಷ್ಟ್ರು ಆರು.” ಚಪ್ಪಾಳೆ ಬಿತ್ತು. ಚಪ್ಪಾಳೆ ನಿಲ್ಲುವ ಹೊತ್ತಿಗೆ ಹಿಂದಿನಿಂದ ಯಾರೋ ಕಂಬದ ಕಡೆ ತಿರುಗಿ ಕೂಗಿದರು:

“ಏನ್ ಸಾಹೇಬ್ರೆ, ಯುದ್ಧದಲ್ಲೂ ಸೋತ್ರಿ, ಇಲ್ಲೂ ಸೋತ್ರಲ್ಲ ನಿಮ್ಮೋರು!”

ಸಾಹೇಬರು ನಕ್ಕೇ ಹೇಳಿದರು: “ನಮ್ಮೋರು ಅಂದ್ರೆ ಯಾರಪ್ಪ? ನನ್ನ ಅಕ್ಕನ ಮನೆ ಶಿರಾಳಕೊಪ್ಪ. ಅಲ್ಲಿ ಯಾರೂ ಸೋತಿದ್ದು ಕೇಳಿಲ್ಲ.”

ಎಲ್ಲರೂ ನಕ್ಕರು. ಆದರೆ ಸಾಹೇಬರು ಎದ್ದಾಗ ಜನ ಅವರಿಗೆ ದಾರಿ ಬಿಟ್ಟ ರೀತಿ ಬೇರೆಯಾಗಿತ್ತು. ಅದು ಹೇಗೆ ಬೇರೆ ಎಂದು ಆ ದಿನದ ಡೈರಿಯಲ್ಲಿ ಬರೆಯಲು ಹೋಗಿ ಒಂದೂವರೆ ಸಾಲು ಹೊಡೆದುಹಾಕಿದ್ದೇನೆ. ‘ಹದಿನೇಳು ಆರು’ ಎಂಬುದು ಎರಡು ದಿನದಲ್ಲಿ ಊರ ಮಾತಾಯಿತು. ಕೊಡೆ ರಿಪೇರಿಗೆ ಕೊಡಲು ಬಂದವರೂ ಸಾಹೇಬರನ್ನು ಕಂಡು ಅದನ್ನೇ ಹೇಳಿ ಚೇಷ್ಟೆ ಮಾಡುತ್ತಿದ್ದರು.

ಸೋಮವಾರ ಬೆಳಿಗ್ಗೆ ಎಂಟು ಹತ್ತರ ಸಾಗರದ ಬಸ್ಸು ಹೋದ ಮೇಲೆ ನಾನು ಹಲಗೆಯ ಹತ್ತಿರ ಇದ್ದೆ. ಏಜೆಂಟರು ಅಂಟು ಕಲಸುತ್ತಿದ್ದರು. ಸಾಹೇಬರು ಕೊಡೆಯ ಕಡ್ಡಿಗೆ ತಂತಿ ಸುತ್ತುತ್ತಾ, ತಲೆ ಎತ್ತದೆ ಹೇಳಿದರು:

“ಮಾತು ಭಾರಿ ಚಲೋ ಇತ್ತು ಏಜೆಂಟ್ರೆ. ನನಗೂ ಕಣ್ಣಲ್ಲಿ ನೀರು ಬಂತು.” ತಂತಿಯ ತುದಿ ಮಡಚಿ, “ಒಂದೇ ಒಂದು. ಬಾವಿ ನಮ್ಮದಲ್ವಾ?”

ಏಜೆಂಟರು ನಕ್ಕರು. ಆ ನಗು ಅರ್ಧಕ್ಕೇ ನಿಂತಿತು. ಕೈ ಅಂಟಿನ ಡಬ್ಬಿಯೊಳಗೇ ಇತ್ತು. ಸಾಹೇಬರು ನನ್ನ ಕಡೆ ತಿರುಗಿ ಬಿಡಿಸಿ ಹೇಳಿದಾಗ ನನಗೆ ಗೊತ್ತಾಯಿತು: ಏಜೆಂಟರ ಮನೆಯ ಬಾವಿ ಬೇಸಿಗೆಯಲ್ಲಿ ಬತ್ತುತ್ತಿತ್ತು, ಅವರಮ್ಮ ನೀರು ಸೇದುತ್ತಿದ್ದುದು ಸಾಹೇಬರ ಹಿತ್ತಲಿನಲ್ಲಿ. ಮೊಳೆಗೆ ತೂಗುತ್ತಿದ್ದ ಗಡಗಡೆ ಅದೇ ಬಾವಿಯದು. ಊರು ಬಿಡುವ ದಿನ ಸಾಹೇಬರು ಅದನ್ನು ಬಿಚ್ಚಿ ತಂದಿದ್ದರು.

“ಮಾತಿನ ಓಘದಲ್ಲಿ ಬಂದುಬಿಡ್ತು ಸಾಹೇಬ್ರೆ,” ಎಂದರು ಏಜೆಂಟರು. “ಮುಂದಿನ ಭಾನುವಾರ ನಾನು ಆ ಕಡೆಗಲ್ವಾ? ನೀವು ಮುಂದೆ ಬಂದು ಕೂತ್ಕಳಿ. ಹದಿನೇಳಕ್ಕೆ ಇಪ್ಪತ್ತು ಮಾಡಿ ತೋರಿಸ್ತೀನಿ. ಮಾತು ಕೊಟ್ಟೆ.”

“ಇಪ್ಪತ್ತು ಬ್ಯಾಡ,” ಎಂದರು ಸಾಹೇಬರು. “ನನ್ನ ಸುಮ್ನೆ ಕೊಡೆ ರಿಪೇರಿಯೋನು ಅಂತ ಬಿಟ್ರೆ ಸಾಕು.”

ಅಷ್ಟರಲ್ಲಿ ಯುದ್ಧ ನಿಂತಿತ್ತು. ಇನ್ನು ಎರಡನೇ ಕೂಟ ಯಾಕೆ, ಗೆದ್ದವರು ಗೆದ್ದರಲ್ಲ ಎಂದರು ಅಧ್ಯಕ್ಷರು. ಏಜೆಂಟರು ಬಿಡಲಿಲ್ಲ. ಸ್ವತಃ ಕರಪತ್ರ ಬರೆದು, ಹಲಗೆಯ ಮೇಲೆ ಆ ವಾರದ ಪತ್ರಿಕೆಗಿಂತ ದಪ್ಪ ಅಂಟು ಹಾಕಿ ಹಚ್ಚಿದರು. ವಾರವಿಡೀ ಪತ್ರಿಕೆ ಜಾಲಾಡುತ್ತಿದ್ದುದನ್ನು ನೋಡಿದೆ. ಗುರುವಾರ ನಾನೇ ಕೇಳಿದೆ: “ಏಜೆಂಟ್ರೆ, ನಿಮ್ಮ ಮನಸ್ಸಲ್ಲಿ ಯಾವ ಕಡೆ ಸರಿ?”

“ಮೊದ್ಲು ಗೊತ್ತಿತ್ತು ಮಾರಾಯ. ಅರ್ಥ ಹೇಳಿದ ಮೇಲೆ ಹೋಯ್ತು.”

ಜೂನ್ ೧೮, ಎರಡನೇ ಭಾನುವಾರ. ಮೂವತ್ತೊಂದು ಜನ. ಸಾಹೇಬರು ಕಂಬ ಬಿಟ್ಟು ಮೊದಲ ಸಾಲಿನಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದರು. ಎರಡು ಮೂವತ್ತೆಂಟಕ್ಕೆ ಭಾಗವತರು ಅರಬ್ ನಾಯಕರೊಬ್ಬರ ಭಾಷಣದ ವರದಿ ಹಾಡಿದರು. ನಮ್ಮ ನೆಲ, ನಮ್ಮ ಹಿರಿಯರು, ನ್ಯಾಯ, ಮರಳಿ ಬಂದೇ ಬರುತ್ತೇವೆ... ಏಜೆಂಟರು ಕೈ ಅಡ್ಡ ಹಿಡಿದರು. “ಬೇರೆ ಪದ್ಯ ಕೊಡಿ,” ಎಂದರು. ಭಾಗವತರು ಇನ್ನೊಂದು ಹಾಡಿದರು. ಅದೂ ಹೋದ ವಾರ ಇಸ್ರೇಲಿನ ಕಡೆ ಹಾಡಿದ್ದರ ಹಾಗೆಯೇ ಇತ್ತು. ಏಜೆಂಟರು ತಮ್ಮ ಜೇಬಿನಿಂದ ಕತ್ತರಿಸಿಟ್ಟ ತುಂಡೊಂದನ್ನು ತೆಗೆದು ಕೊಟ್ಟರು. ಮುರಿದ ಸೇತುವೆಯ ಮೇಲೆ ಗಂಟು ಹೊತ್ತು ನದಿ ದಾಟುತ್ತಿರುವ ಜನರ ಸುದ್ದಿ ಅದು. ಭಾಗವತರು ಅದನ್ನು ರಾಗವಿಲ್ಲದೆ ಸುಮ್ಮನೆ ಓದಿದರು.

“ನಾನು ನನ್ನ ಮನೆಯ ಬಾಗಿಲು ಹಾಕಿ ಬಂದೆ,” ಎಂದು ಏಜೆಂಟರು ಶುರು ಮಾಡಿದರು. “ಕೀಲಿ ನನ್ನ ಸೊಂಟದಲ್ಲಿದೆ. ನನ್ನ ಹಿತ್ತಲಲ್ಲಿ ಒಂದು...”

ಅಲ್ಲಿ ನಿಂತರು. ಮುಂದೆ ಬರಬೇಕಾದ ಪದ ಯಾವುದೆಂದು ಮೂವತ್ತೊಂದು ಜನರಿಗೂ ಗೊತ್ತಿತ್ತು. ಎದುರಿಗೆ ಮೇಷ್ಟ್ರು ಪೆನ್ಸಿಲ್ ಹಿಡಿದು ಕಾಯುತ್ತಿದ್ದರು.

“ಏಜೆಂಟ್ರೆ,” ಎಂದು ಹಿಂದಿನಿಂದ ಹೋದ ವಾರದ ಅದೇ ದನಿ, “ಒಂದೇ ಟಿಕೆಟ್ಟಲ್ಲಿ ಎರಡು ಬಸ್ ಹತ್ತಂಗಿಲ್ಲ! ಆ ಬಾವಿ ಹೋದ್ವಾರ ಅವ್ರಿಗೆ ಬರೆದು ಕೊಟ್ಟಾಯ್ತು!”

ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಬರೆದಿಡಬೇಕಾದ ಮಾತು ಇದು. ಎರಡು ಐವತ್ತೆರಡರಿಂದ ಎರಡು ಐವತ್ತಾರರವರೆಗೆ, ನಾಲ್ಕು ನಿಮಿಷ, ಏಜೆಂಟರು ಮಾತಾಡಲಿಲ್ಲ. ಎಂಥೆಂಥ ಸೋಲುವ ರಾಜರಿಗೆ ಮಾತು ಕೊಟ್ಟ ಬಾಯಿ. ನಗು ಪೂರ್ತಿ ಅಡಗಿದ ಮೇಲೆ ಮೊದಲ ಸಾಲಿನಿಂದ ಸಾಹೇಬರು ಮೆಲ್ಲಗೆ ಹೇಳಿದರು:

“ಬಾವಿ ವಿಷಯನೇ ಹೇಳಿ ಏಜೆಂಟ್ರೆ. ಪರವಾಗಿಲ್ಲ. ಎರಡು ಸಲ ಸೇದಿದ್ರೆ ನೀರು ಕಮ್ಮಿ ಆಗಲ್ಲ.”

ಏಜೆಂಟರು ಅವರನ್ನು ನೋಡಿದರು. ಕೈ ಮುಗಿದರು. ಸಭೆಗೋ ಸಾಹೇಬರಿಗೋ ತಿಳಿಯಲಿಲ್ಲ. ಎದ್ದು ಪಕ್ಕದ ಬಾಗಿಲಿಂದ ಹೊರಟುಹೋದರು. ಅಧ್ಯಕ್ಷರು ನನ್ನ ಕಡೆ ನೋಡಿ, ಲೆಕ್ಕ ಓದು ಎಂದು ಸನ್ನೆ ಮಾಡಿದರು. ನನ್ನ ಪುಟದಲ್ಲಿ ಒಂದು ಗೀಟೂ ಇರಲಿಲ್ಲ. ನಾನು ಪುಸ್ತಕ ಮುಚ್ಚಿದೆ. ಕೊಟ್ಟ ಮಾತು ಹಾಗೆಯೇ ಉಳಿಯಿತು, ‘ಹದಿನೇಳು ಆರು’ ಎಂಬುದೂ ಉಳಿಯಿತು.

ಆಮೇಲೆ ಏಜೆಂಟರು ಯಾವ ಕೂಟಕ್ಕೂ ಕೂರಲಿಲ್ಲ. ಮೂರು ಸಲ ಕರೆಯಲು ಹೋದವನು ನಾನೇ. ಮೇಜು, ಜಗಲಿ ಎರಡೂ ಮೊದಲಿನಂತೆಯೇ ಅಕ್ಕಪಕ್ಕದಲ್ಲಿದ್ದವು. ಒಬ್ಬರ ಚಾ ಇನ್ನೊಬ್ಬರು ತರಿಸುತ್ತಿದ್ದರು. ಆದರೆ ನಾನು ಹತ್ತಿರ ಹೋದಾಗ ಅವರು ಮಾತಾಡುತ್ತಿದ್ದುದನ್ನು ಕೇಳಲಿಲ್ಲ. ಆಗಸ್ಟ್ ೨೩ರಂದು ಏಜೆಂಟರು ಸಾಗರದ ಏಜೆನ್ಸಿಗೆ ಹೊರಟುಹೋದರು, ತಾವೇ ಇಷ್ಟು ವರ್ಷ ಕೂಗಿದ ಬಸ್ಸಿನಲ್ಲಿ. ಆ ಮಧ್ಯಾಹ್ನ ನೋಡಿದರೆ ಸಾಹೇಬರ ಗೋಡೆಯಲ್ಲಿ ಮೊಳೆ ಮಾತ್ರ ಇತ್ತು. ಗಡಗಡೆ ಇರಲಿಲ್ಲ.

“ಗಡಗಡೆ ಎಲ್ಲಿ ಸಾಹೇಬ್ರೆ?” ಎಂದೆ.

“ಯಾವ ಗಡಗಡೆ?” ಎಂದರು ಅವರು, ಕೊಡೆ ಬಿಚ್ಚಿ ಬೆಳಕಿಗೆ ಹಿಡಿದು ತೂತು ಹುಡುಕುತ್ತಾ.

ಕೊಟ್ಟರೋ, ಕೇಳಿ ತೆಗೆದುಕೊಂಡರೋ, ಕೋಪದಲ್ಲಿ ಯಾರಾದರೂ ಎಸೆದರೋ... ಮುಂದಿನ ವರ್ಷ ಸಾಹೇಬರೂ ಅಕ್ಕನ ಊರಿಗೆ ಹೋದರು. ಅಲ್ಲಿಗೆ ಎರಡು ಕಾರ್ಡು ಬರೆದೆ, ಉತ್ತರವಿಲ್ಲ.

ಇವತ್ತು ಆ ವಾಸನೆ ಬಂದ ಮೇಲೆ ಊಟ ಬಿಟ್ಟು ತೀರ್ಥಹಳ್ಳಿಯ ಬಸ್ ಸ್ಟ್ಯಾಂಡಿಗೆ ಹೋಗಿ, ಸಾಗರದ ಕಡೆಯ ಬಸ್ಸುಗಳ ಕಂಡಕ್ಟರುಗಳಲ್ಲಿ ಏಜೆಂಟರ ಬಗ್ಗೆ ವಿಚಾರಿಸಿದೆ. ಐದು ಜನ. ಇಬ್ಬರು, ಅವರು ಈ ಮಳೆಗಾಲದಲ್ಲಿ ತೀರಿಹೋದರು ಎಂದರು. ಒಬ್ಬರು, ತುಮರಿ ಕಡೆ ಹಿನ್ನೀರು ದಾಟುವ ಲಾಂಚು ಕಾಯುತ್ತಾ ಕೂತದ್ದನ್ನು ಕಂಡಿದ್ದೇನೆ, ನೀರನ್ನೇ ನೋಡುತ್ತಿದ್ದರು ಎಂದರು. ಇನ್ನಿಬ್ಬರಿಗೆ ಅವರು ಯಾರೆಂದೇ ಗೊತ್ತಿಲ್ಲ. ಎರಡು, ಒಂದು, ಎರಡು. ಇದರಿಂದ ಏನು ತೀರ್ಮಾನಿಸುವುದು? ತೀರ್ಮಾನ ಹೇಗಿದ್ದರೂ ಅವರ ದನಿ ಇನ್ನು ನನಗೆ ಕೇಳಸಿಗುವುದಿಲ್ಲ ಎಂದು ಹಿಂದಿರುಗುವಾಗ ಅನ್ನಿಸಿತು. ದಾರಿಯಲ್ಲಿ ಒಂದು ಹೋಟೆಲಿನ ರೇಡಿಯೋದಲ್ಲಿ ವಾರ್ತೆ ಬರುತ್ತಿತ್ತು. ಆ ದೇಶಗಳ ಯಾರೋ ನಾಯಕರು ಮತ್ತೆ ಏನೋ ಹೇಳಿದ್ದರು. ಪದ್ಯದ ಹಾಗೆಯೇ ಇತ್ತು.

ಹಳೆಯ ನಡಾವಳಿ ಪುಸ್ತಕದ ಆ ಪುಟದ ನಕಲು ನನ್ನಲ್ಲಿದೆ. ಬಾವಿಗೆ ನಾನು ಹಾಕಿದ ಮೂರು ಗೀಟುಗಳನ್ನು ಹದಿನೇಳರಿಂದ ಕಳೆದು ಆರಕ್ಕೆ ಸೇರಿಸಿ ನೋಡಿದೆ: ಹದಿನಾಲ್ಕು, ಒಂಬತ್ತು. ಯಾವ ಕಡೆಗೂ ಸೇರಿಸದೆ ಬಿಟ್ಟೂ ನೋಡಿದೆ: ಹದಿನಾಲ್ಕು, ಆರು. ಪೆನ್ಸಿಲಿನಲ್ಲಿ ಬರೆದು ಅಳಿಸಿ ಕಾಗದ ತೆಳ್ಳಗಾಗಿದೆ. ಆ ದೂರದ ನೆಲದ ವಿಷಯ ನನಗೆ ಅಂದಿಗಿಂತ ಇಂದು ಕಡಿಮೆ ತಿಳಿದಿದೆ. ಬಾವಿ ಯಾರದೆಂಬುದು ಮಾತ್ರ ಗೊತ್ತು. ಅದನ್ನು ಆ ಎರಡನೇ ಭಾನುವಾರ ಎದ್ದು ನಿಂತು ಓದುವುದು ನನ್ನಿಂದ ಆಗಬಹುದಿತ್ತು.

ಸಾಗರದಲ್ಲಾಗಲಿ, ಶಿರಾಳಕೊಪ್ಪದಲ್ಲಾಗಲಿ, ಹಿನ್ನೀರಿನ ಆಚೆಯ ಊರುಗಳಲ್ಲಾಗಲಿ, ಬಾವಿಯಿಲ್ಲದ ಮನೆಯ ಗೋಡೆಯಲ್ಲಿ ಒಂದು ಕಬ್ಬಿಣದ ಗಡಗಡೆ ತೂಗುವುದನ್ನು ಯಾರಾದರೂ ಕಂಡಿದ್ದರೆ, ಇದು ಅಚ್ಚಾಗುವ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಿ. ಯಾರ ಮನೆಯಲ್ಲಿ ಎಂದಷ್ಟು ಬರೆದರೆ ಸಾಕು.